ಬೆಳಕಿಂಡಿಯಿಂದ ಕಂಡ ನೆಲ

ಒಲೆಯ ಬೂದಿ ತೆಗೆದೆ. ಅಂಗಳಕ್ಕೆ ನೀರು ಹೊಡೆದೆ. ಮಧ್ಯಾಹ್ನಕ್ಕೂ ರಾತ್ರಿಗೂ ಸಾಲುವಷ್ಟು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟೆ. ಮನೆಯವರ ಸೊಂಟಕ್ಕೆ ಔಡಲೆಣ್ಣೆ ತಿಕ್ಕಿದೆ. ಸಿಂದಗಿ ಪೇಟೆಯಲ್ಲಿ ಚೀಲ ಹೊತ್ತು ಅವರ ಸೊಂಟ ಹೋಗಿತ್ತು. ಕೋಳಿ ನೋಡಿಕೊಳ್ಳಲು ಪಕ್ಕದಾಕೆಗೆ ಹೇಳಿದೆ. ಕಸಬರಿಗೆಗಳನ್ನು ಬಿಗಿದು ಕಟ್ಟಿದೆ, ನೆಲ ಹೆರೆಯುವ ಖುರಪಿಯನ್ನು ಕಲ್ಲಿಗೆ ಮಸೆದೆ. ಆಮೇಲೆ ಕೆಲಸದ ಹಳೆಯ ಸೀರೆ ಗಂಟು ಕಟ್ಟಿಕೊಂಡು, ಜೊತೆಗಾರ್ತಿಯನ್ನು ಕೂಗಿ, ತಾಳಿಕೋಟಿಯ ಬಸ್ಸು ಹಿಡಿದೆ.

ನಾವು ಹೋಗಬೇಕಾದದ್ದು ನಾಲತವಾಡದ ಕಡೆಗೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಗೆ, ಮಹಾನವಮಿಗೆ ಇಡೀ ಮನೆ ಹಸನು ಮಾಡಿಕೊಡುವವರು ನಾವಿಬ್ಬರು ಎಂದು ಸಿಂದಗಿಯ ಸುತ್ತ ಗೊತ್ತಿತ್ತು. ಅಷ್ಟು ದೂರದಿಂದ ಕರೆ ಬಂದದ್ದಕ್ಕೆ ಬೇರೆ ಕಾರಣವಿತ್ತು. ಅದು ಮುಳ್ಳು ಹಚ್ಚಿದ ಮನೆ. ಶಿವರಾತ್ರಿ ಮುಗಿದ ಮೇಲೆ ಆ ಮನೆಯ ಸೊಸೆ ಜೋಳದ ಕಣಕಿಯ ಬಣವೆಯಿಂದ ಎಮ್ಮೆಗೆ ಮೇವು ಹಿರಿಯಲು ಹೋಗಿ ಹಾವು ಕಚ್ಚಿ ತೀರಿಕೊಂಡಿದ್ದಳು. ತೀರಿಕೊಂಡ ನಕ್ಷತ್ರ ಕೆಟ್ಟದ್ದು ಎಂದು ಹೇಳಿದರಂತೆ. ಅಂಥ ಸಾವಾದರೆ ನಮ್ಮ ಕಡೆ ಮನೆಯವರೆಲ್ಲ ಮನೆ ಬಿಡಬೇಕು. ಬಾಗಿಲಿಗೆ ಜಾಲಿಮುಳ್ಳು ಹಚ್ಚಿ, ಹೇಳಿದಷ್ಟು ತಿಂಗಳು ಬೇರೆ ಕಡೆ ಇದ್ದು, ಶಾಂತಿ ಮಾಡಿಸಿ ತಿರುಗಿ ಬರಬೇಕು. ಶಾಂತಿಗೆ ಮೊದಲು ಮನೆ ಹಸನಾಗಬೇಕು. ಆದರೆ ಆ ಮನೆಯ ಮಂದಿ ಹೊಸ್ತಿಲು ದಾಟುವಂತಿಲ್ಲ, ಊರಿನವರು ಬರಲು ಒಲ್ಲರು. ಹೀಗಾಗಿ ನಮಗೆ ಕರೆ ಬಂತು.

ಬಸ್ಸಿನಲ್ಲಿ ಜೊತೆಗಾರ್ತಿ ಸುಮ್ಮನೆ ಕೂಡಲಿಲ್ಲ. "ಯಕ್ಕಾ, ಹಾವು ಕಡದಾಕಿ ಮನಿಗೆ ಹೊಂಟೇವಿ. ಆ ಹಾವಿಗೆ ನಾವು ಬರೂದು ಯಾರಾದ್ರೂ ಹೇಳಿ ಕಳಿಸ್ಯಾರೇನ ಮತ್ತ?" ಎಂದಳು. ಹಿಂದಿನ ಸೀಟಿನ ಮುದುಕನೊಬ್ಬ ನಕ್ಕ. ನಾನೂ ನಕ್ಕೆ. ಆ ಕೆಲಸದಲ್ಲಿ ನಾನು ನಕ್ಕದ್ದು ಅಷ್ಟೇ ಎನ್ನಬೇಕು.

ನಮ್ಮನ್ನು ಕರೆಯುವವರಿಗೆ ನಾನು ಮೊದಲೇ ಕೆಲವು ಮಾತು ಹೇಳಿಬಿಡುತ್ತಿದ್ದೆ. ಮಣ್ಣು, ದನದ ಹೆಂಡಿ, ನೀರು, ನಿಚ್ಚಣಿಕೆ ನೀವೇ ಒದಗಿಸಬೇಕು. ಬಂಗಾರ, ಭಾಂಡೆ ಏನಿದ್ದರೂ ನಾವು ಬರುವ ಮೊದಲು ತೆಗೆದಿಡಬೇಕು. ಕೆಲಸ ಮೇಲಿನಿಂದ ಕೆಳಗೆ ಇಳಿಯುತ್ತದೆ: ಮೊದಲು ಜಂತಿ, ಆಮೇಲೆ ಗೋಡೆ, ಕೊನೆಗೆ ನೆಲ. ಮಂದಿ ಬರುತ್ತಾರೆ, ನೆಲ ಮೊದಲು ಮಾಡು ಎಂದರೆ ಆಗದು. ಬಿಸಾಡುವ ವಸ್ತು ಯಾವುದು ಎಂದು ನಾವು ತೀರ್ಮಾನಿಸುವುದಿಲ್ಲ, ನಿಮ್ಮನ್ನು ಕೇಳುತ್ತೇವೆ. ಹಸನಾದ ಮನೆ ಮೊದಲ ದಿನ ಬೋಳು ಬೋಳಾಗಿ ಕಾಣುತ್ತದೆ, ಯಾರದೋ ಮನೆ ಅನ್ನಿಸುತ್ತದೆ. ಅದಕ್ಕೆ ನಮ್ಮನ್ನು ಬಯ್ಯಬಾರದು. ಮತ್ತು ಪ್ರತಿದಿನ ಸಂಜೆ ಹೊಸ್ತಿಲ ಹೊರಗೆ ನಿಂತು ನಾವು ಸೆರಗು ಝಾಡಿಸಿ ತೋರಿಸುತ್ತೇವೆ. ಒಳಗಿನದು ಒಂದು ಸೂಜಿಯೂ ನಮ್ಮ ಜೊತೆ ಹೊರಗೆ ಬರುವುದಿಲ್ಲ. ಆ ಝಾಡಿಸಿದ ಸೆರಗಿನ ಮೇಲೆಯೇ ನಮ್ಮ ಅನ್ನ ನಿಂತಿತ್ತು.

ಮನೆಯ ಹಿರಿಯಾಕಿ, ಅಂದರೆ ತೀರಿಕೊಂಡವಳ ಅತ್ತೆ, ದಾರಿಯಲ್ಲೇ ನಿಂತಿದ್ದಳು. ಬಗಲಲ್ಲಿ ಸೊಸೆಯ ಕೂಸು, ಇನ್ನೂ ಹೆಜ್ಜೆ ಇಡದ ಹೆಣ್ಣುಕೂಸು. ಅಷ್ಟು ತಿಂಗಳು ಅವರು ಹೊಲದ ಗುಡಿಸಲಿನಲ್ಲಿ ಇದ್ದರು. ಮಳೆಗಾಲವೂ ಅಲ್ಲೇ ಕಳೆಯಿತು. ಮಗ, ಆ ಕೂಸಿನ ಅಪ್ಪ, ಊರೊಳಗೆ ಬರುತ್ತಲೇ ಇರಲಿಲ್ಲವಂತೆ. ನನ್ನ ಮಾತುಗಳನ್ನೆಲ್ಲ ಹಿರಿಯಾಕಿ ತಲೆ ಅಲ್ಲಾಡಿಸದೆ ಕೇಳಿದಳು. ಆಮೇಲೆ ತನ್ನದೊಂದು ಹೇಳಿದಳು.

"ಹಳೇ ನೆಲ ಉಳೀಬಾರದು. ಎಲ್ಲಾ ಹೆರದು ಊರ ಸೀಮಿ ಆಚೆ ಚೆಲ್ಲಬೇಕು. ಹೊಸಾ ಮಣ್ಣು ಬಡದು ಸಾರಿಸಿ ಕೊಡು. ಸೋಮವಾರ ಶಾಂತಿ ಐತಿ. ಅವತ್ತ ಮೊದಲ ಆಕಳ ಒಳಗ ಹೋಗತೈತಿ, ಅದರ ಹಿಂದ ನಾವು."

ಹೇಳುವಾಗ ಕೂಸಿನ ಬೆನ್ನು ನೀವುತ್ತಿದ್ದಳು. ಮನೆ ಸರಿಯಾಗಿ ಹಸನಾಗದಿದ್ದರೆ ಮುಂದಿನ ಕೇಡು ಈ ಕೂಸಿಗೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಮೊದಲ ಅಡಚಣೆ ನಿಚ್ಚಣಿಕೆ. ಊರಲ್ಲಿ ಯಾರೂ ಕೊಡಲಿಲ್ಲ. ಮುಳ್ಳು ಹಚ್ಚಿದ ಮನೆಯೊಳಗೆ ಹೋದ ಸಾಮಾನನ್ನು ತಿರುಗಿ ತಮ್ಮ ಮನೆಗೆ ತರಲು ಯಾರಿಗೂ ಮನಸ್ಸಿಲ್ಲ. ಬುಟ್ಟಿಯೂ ಇಲ್ಲ, ಸಲಿಕೆಯೂ ಇಲ್ಲ. ಹಿರಿಯಾಕಿ ಹೊಲದಿಂದ ತನ್ನ ಸಲಿಕೆ, ಒಡಕು ಬುಟ್ಟಿ ಕಳಿಸಿದಳು. ನಾವು ಒಂದು ಬಿದಿರಿನ ತುದಿಗೆ ಕಸಬರಿಗೆ ಕಟ್ಟಿಕೊಂಡೆವು. ಮುಳ್ಳನ್ನು ನಾನೇ ತೆಗೆದೆ. ಬಾಗಿಲ ಚಿಲಕ ತುಕ್ಕು ಹಿಡಿದು ಕೂತಿತ್ತು; ಕಲ್ಲಿನಿಂದ ಕುಟ್ಟಿದಾಗ ಒಳಗಿನಿಂದ ವಾಸನೆ ಬಂತು. ಕಣಜದಲ್ಲಿ ಮುಗ್ಗಿದ ಜೋಳ, ಸತ್ತ ಇಲಿ, ಹಸಿ ಗೋಡೆ.

ಮುಚ್ಚಿದ ಮನೆಯಲ್ಲಿ ಮೊದಲು ಗಾಳಿ ಆಡಬೇಕು. ಪಕ್ಕದ ಮನೆಯವರು ನಿಚ್ಚಣಿಕೆ ಕೊಡದಿದ್ದರೂ ತಮ್ಮ ಮೆಟ್ಟಿಲು ಹತ್ತಲು ಬಿಟ್ಟರು. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಮನೆ ಹತ್ತಿದರೆ ಓಣಿಯ ಎಲ್ಲ ಮನೆಗಳ ಮೇಲೂ ನಡೆಯಬಹುದು. ಹೀಗೆ ಮೇಲೆ ಹೋಗಿ ಬೆಳಕಿಂಡಿಗೆ ಬೋರಲು ಹಾಕಿದ್ದ ಗಡಿಗೆ ತೆಗೆದೆ. ಕೆಳಗೆ ನಡುಮನೆಯಲ್ಲಿ ದುಂಡಗೆ ಬೆಳಕು ಬಿತ್ತು. ಅದರೊಳಗೆ ಧೂಳು ಏಳುತ್ತಲೇ ಇತ್ತು.

ಬೇವಿನ ತಪ್ಪಲಿನ ಹೊಗೆ ಹಾಕಿ, ಬಾಗಿಲು ಮುಂದೆ ಮಾಡಿ, ಹುಳಹುಪ್ಪಟೆ ಹೊರಗೆ ಬರಲೆಂದು ಕಾದೆವು. ಆಮೇಲೆ ಜಂತಿಯ ಬಲೆ ತೆಗೆದೆವು. ಮಳೆಗಾಲದಲ್ಲಿ ಮಾಳಿಗೆಗೆ ಮಣ್ಣು ಹಾಕುವವರಿಲ್ಲದೆ ಅಡುಗೆಮನೆ ಸೋರಿತ್ತು. ಒಲೆ ಕರಗಿ ಗುಡ್ಡೆಯಾಗಿತ್ತು. ಗೋಡೆಯ ತುಂಬ ಒರಲೆಯ ಹಾದಿ, ಗೆದ್ದಲು ಕಟ್ಟಿದ ಮಣ್ಣು. ಅದನ್ನು ಕೆರೆದು, ಬೇವಿನೆಣ್ಣೆ ಬಳಿದು, ಸುಣ್ಣ ಹಚ್ಚಲು ತಯಾರು ಮಾಡಿದೆವು. ಮರುದಿನ ಕಣಜದ ಬುಡ ಎತ್ತುವಾಗ ಜೊತೆಗಾರ್ತಿಗೆ ಚೇಳು ಕಡಿಯಿತು. ಅವಳು ಅತ್ತದ್ದು ಉರಿಗಿಂತ ಅಂಜಿಕೆಗೆ. ಹಾವಿಗೆ ಹೇಳಿ ಕಳಿಸಿದ್ದಾರೇನೋ ಅಂದಿದ್ದೆ, ಚೇಳಿಗೆ ಹೇಳಿ ಕಳಿಸಿದ್ದರು ಎಂದು ನರಳುತ್ತಲೇ ಅಂದಳು. ಅವಳನ್ನು ಮುದ್ದೇಬಿಹಾಳದ ದವಾಖಾನೆಗೆ ಕರೆದುಕೊಂಡು ಹೋಗಲು ಹಿರಿಯಾಕಿ ಗಾಡಿ ಕಟ್ಟಿಸಿದಳು. ಅಲ್ಲಿಂದ ಅವಳು ಊರಿಗೆ ಹೋದಳು. ನಾನು ಒಬ್ಬಳೇ ಉಳಿದೆ. ಸುಣ್ಣ ಒಬ್ಬಳೇ ಹಚ್ಚಿದೆ. ಎದೆಯೆತ್ತರದಿಂದ ಮೇಲೆ ಬಿದಿರಿನ ಕಸಬರಿಗೆಯಿಂದಲೇ ಬಳಿದೆ, ಮುಖದ ತುಂಬ ಸುಣ್ಣ. ಸೋಮವಾರಕ್ಕೆ ನೆಲ ಮುಗಿಯುವುದೋ ಇಲ್ಲವೋ ಎಂಬ ಚಿಂತೆ ಹತ್ತಿತು.

ತೀರಿಕೊಂಡವಳ ತಾಯಿ ಬಂದದ್ದು ಮರುದಿನ. ಝಳಕಿಯಿಂದ ವಿಜಾಪುರಕ್ಕೆ, ಅಲ್ಲಿಂದ ಮುದ್ದೇಬಿಹಾಳಕ್ಕೆ, ಮತ್ತೆ ಇಲ್ಲಿಗೆ ಬಸ್ಸು ಬದಲಿಸುತ್ತ ಬಂದಿದ್ದಳು. ಎದುರಿನ ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕೂತಳು. ನಾನು ಮಣ್ಣಿನ ಬುಟ್ಟಿ ಹೊತ್ತು ಹೊರಗೆ ಬಂದಾಗಲೆಲ್ಲ ಬುಟ್ಟಿಯನ್ನೇ ನೋಡುತ್ತಿದ್ದಳು. ಪಡಸಾಲೆಯ ನೆಲ ಆಗಲೇ ಹೆರೆದಾಗಿತ್ತು. ಇನ್ನು ನಡುಮನೆ ಉಳಿದಿತ್ತು.

ನೀರು ಕುಡಿಯಲು ಕಟ್ಟೆಗೆ ಹೋದಾಗ ಮಾತಿಗೆ ಬಂದಳು. ಮಗಳಿಗೆ ಮಣ್ಣು ಕೊಡುವಾಗ ತಾನು ಇರಲಿಲ್ಲ ಎಂದಳು. ಸುದ್ದಿ ಮುಟ್ಟಿದ್ದು ತಡ, ಬಸ್ಸು ಸಿಕ್ಕದ್ದು ಇನ್ನೂ ತಡ, ಕೆಟ್ಟ ನಕ್ಷತ್ರವೆಂದು ಇವರು ಹೊತ್ತು ಮುಳುಗುವ ಮೊದಲೇ ಮುಗಿಸಿದ್ದರು. ತಾನು ಬಂದಾಗ ಬಾಗಿಲಿಗೆ ಮುಳ್ಳು. ಮಗಳ ಸೀರೆ, ಕೌದಿ ಎಲ್ಲ ಸುಟ್ಟಿದ್ದರು. ಓಣಿಯ ಹೆಂಗಸರು ಸಮಾಧಾನಕ್ಕೆಂದು ಹೇಳಿದ ಒಂದೇ ಮಾತು ಅವಳ ತಲೆಯಲ್ಲಿ ಉಳಿದಿತ್ತು.

"ಆ ಮುಂಜಾನಿ ಮನಿ ಸಾರಿಸಿ ಬಣವಿಗೆ ಹೋಗಿದ್ಲಂತ. ನೆಲ ಇನ್ನಾ ಹಸೀನ ಇತ್ತಂತ. ಆ ಸಾರಣಿ ಐತೇನ ತಂಗಿ, ಒಳಗ? ಒಮ್ಮೆ ನೋಡ್ತೇನಿ."

ನೋಡಬೇಕೆಂದು ಬೀಗತಿಯನ್ನು, ಅಂದರೆ ಹಿರಿಯಾಕಿಯನ್ನು, ಆಗಲೇ ಕೇಳಿದ್ದಳು, ಅವಳು ಬಿಟ್ಟಿರಲಿಲ್ಲ. ಅದು ನನ್ನ ಕೈಯಲ್ಲಿಲ್ಲ ಅಕ್ಕ, ನಾನು ಕೆಲಸಕ್ಕೆ ಬಂದವಳು ಎಂದು ಹೇಳಿ ಒಳಗೆ ಬಂದೆ. ಹಾಗೆ ಹೇಳುವುದು ನಮ್ಮ ಕಸುಬಿನಲ್ಲಿ ಸರಿಯಾದದ್ದೇ. ಎರಡು ಮನೆತನಗಳ ನಡುವೆ ಕೆಲಸದವಳು ಬಾಯಿ ಹಾಕಬಾರದು.

ಹೆರೆಯುವ ಮೊದಲು ನೆಲವನ್ನು ಒಣಗಿಸಿಕೊಂಡು ಗುಡಿಸಬೇಕು. ಧೂಳಿನ ಮೇಲೆ ಖುರಪಿ ಇಟ್ಟರೆ ಜಾರುತ್ತದೆ. ಮೆತ್ತನೆಯ ಕಸಬರಿಗೆಯಿಂದ ಗುಡಿಸುತ್ತ ಬೆಳಕಿಂಡಿಯ ಕೆಳಗೆ ಬಂದೆ. ಧೂಳು ಸರಿದಲ್ಲಿ ಸಾರಣೆಯ ಗೆರೆಗಳು ಕಂಡವು. ಬೆರಳಿನ ಗೆರೆಗಳು, ಒಂದರ ಮೇಲೊಂದು ಅರ್ಧಚಂದ್ರ. ಎಲ್ಲ ಹೆಂಗಸರ ಸಾರಣೆಯೂ ಹಾಗೇ ಇರುತ್ತದೆ, ಆದರೆ ಇದು ಯಾಕೋ ಕಣ್ಣಿಗೆ ಒಗ್ಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಗೆರೆಯ ಮೇಲೆ ನನ್ನ ಬಲಗೈ ಇಟ್ಟೆ. ಗೆರೆ ನನ್ನ ಕೈಯನ್ನು ಬಿಟ್ಟು ಆಚೆ ತಿರುಗಿತು. ಎಡಗೈ ಇಟ್ಟೆ. ಆಗ ಕೂತುಕೊಂಡಿತು. ಆ ಹುಡುಗಿ ಎಡಚಿ.

ಸೋರಿದ ಕಡೆ, ಒರಲೆ ತಿಂದ ಕಡೆ ಗೆರೆ ಹೋಗಿತ್ತು. ಇಬ್ಬರು ಮಲಗುವಷ್ಟು ಜಾಗದಲ್ಲಿ ಮಾತ್ರ ಉಳಿದಿತ್ತು. ಒಂದು ಮೂಲೆಯಲ್ಲಿ ಸಣ್ಣದೊಂದು ಅಂಗೈ ಒತ್ತಿದ ಗುರುತು; ಸಾರಿಸುವಾಗ ಕೂಸು ತೆವಳಿಕೊಂಡು ಬಂದಿರಬೇಕು, ಅದನ್ನು ಎತ್ತಿ ಆಚೆ ಕೂರಿಸಿ ಮತ್ತೆ ಸಾರಿಸಿದಂತಿತ್ತು.

ಗೆರೆ ಮೂಡಿದ ಪದರದ ಒಂದು ಹಕ್ಕಳೆಯನ್ನಾದರೂ ಇಡಿಯಾಗಿ ಎಬ್ಬಿಸೋಣ ಎಂದುಕೊಂಡೆ. ಹೇಗೂ ಇದು ಸೀಮೆಯಾಚೆ ಚೆಲ್ಲುವ ಮಣ್ಣು. ಬುಟ್ಟಿಯ ಮೇಲಿಟ್ಟು ಒಯ್ದರೆ ದಾರಿಯಲ್ಲಿ ಆ ತಾಯಿ ನೋಡಿಕೊಳ್ಳಬಹುದು, ನನ್ನ ಸೆರಗಿಗೂ ಮಾತು ಬರುವುದಿಲ್ಲ. ಅಂಚಿನಲ್ಲಿ ಖುರಪಿಯನ್ನು ಮಲಗಿಸಿ ಮೆಲ್ಲಗೆ ತಳ್ಳಿದೆ. ಒಂದು ಹಕ್ಕಳೆ ಎದ್ದಿತು. ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಪುಡಿಯಾಯಿತು. ಒಳಗೆಲ್ಲ ಒರಲೆ ತಿಂದು ಮೇಲಿನ ಸಿಪ್ಪೆ ಮಾತ್ರ ಉಳಿದಿತ್ತು. ಇನ್ನೊಂದು ಕಡೆ ನೋಡಿದೆ, ಅದೂ ಹಾಗೇ. ಇದು ಎಲ್ಲಿದೆಯೋ ಅಲ್ಲೇ ನೋಡಬೇಕಾದದ್ದು, ಹೊರಗೆ ಬರುವಂಥದ್ದಲ್ಲ.

ಖುರಪಿ ಕೆಳಗಿಟ್ಟು ಹೊರಗೆ ಬಂದೆ. ಹಿರಿಯಾಕಿ ಓಣಿಯ ತಿರುವಿನಲ್ಲಿ ಬೇವಿನ ಮರದ ಕೆಳಗೆ ಕೂಸಿಗೆ ಉಣಿಸುತ್ತಿದ್ದಳು. ನಡುಮನೆಯ ನೆಲ ನಾನು ಹೆರೆಯುವುದಿಲ್ಲ ಎಂದೆ.

ಅವಳು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಯಾಕ?"

"ಆಕೀ ತಾಯಿ ನೋಡಿದ ಮ್ಯಾಲೆ ಹೆರೀತೇನಿ. ಇಲ್ಲಾಂದ್ರ ಬ್ಯಾರೇದವರನ್ನ ಕರೀರಿ."

ಬೇರೆಯವರು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕೂಗಾಡಲಿಲ್ಲ. ಕೂಸಿನ ಬಾಯಿ ಒರೆಸಿದಳು. ತಾನೂ ಹೊಸ್ತಿಲು ದಾಟಿಲ್ಲ ಎಂದಳು. ಒಳಗೆ ತನ್ನ ದೇವರಿದ್ದಾನೆ, ಗಂಡ ಇದ್ದಾಗಿನ ಮಂಚ ಇದೆ, ಅವನ್ನು ನೋಡಲು ತನಗೂ ಆಸೆ ಇಲ್ಲವೇ ಎಂದಳು. ನಾಳೆ ಈ ಕೂಸಿಗೆ ಜ್ವರ ಬಂದರೆ ಯಾರನ್ನು ಕೇಳಲಿ, ನಿನ್ನನ್ನು ಕೇಳಲೇ, ಬೀಗತಿಯನ್ನು ಕೇಳಲೇ ಎಂದಳು.

"ಹೊಸ್ತಿಲ ದಾಟೂದು ಬ್ಯಾಡ್ರಿ," ಎಂದೆ. "ಮಾಳಿಗಿ ಮ್ಯಾಲಿಂದ ಬೆಳಕಿಂಡಿಯಾಗ ನೋಡ್ಲಿ."

ಹಿರಿಯಾಕಿ ಮನೆಯ ಕಡೆ ನೋಡಿದಳು. "ಆಕೀ ನೆಳ್ಳು ಒಳಗ ಬೀಳತೈತಿ," ಎಂದಳು. ಕೂಸು ಅವಳ ಕೈಯ ತಾಟಿಗೆ ಕೈಹಾಕಿ ಎಳೆಯುತ್ತಿತ್ತು. ಕೊನೆಗೆ ತಾನೇ ಅಂದಳು:

"ಇರಲಿ. ನೆಳ್ಳಿಗೆ ಎಲ್ಲಿ ಹೊಸ್ತಿಲ."

ಪಕ್ಕದ ಮನೆಯ ಮೆಟ್ಟಿಲು ತೋರಿಸಿ ತಾಯಿಯನ್ನು ಮೇಲೆ ಕಳಿಸಿದೆ. ನಾನು ಒಳಗೆ ಹೋಗಿ ಗೋಡೆಗೆ ಒತ್ತಿಕೊಂಡು ನಿಂತೆ. ಮೇಲೆ ಹೆಜ್ಜೆ ಕೇಳಿಸಿತು, ಜಂತಿಯ ಸಂದಿಯಿಂದ ಸ್ವಲ್ಪ ಮಣ್ಣು ಉದುರಿತು. ಅವಳು ಬಗ್ಗಿದಳು. ಬಗ್ಗಿದ ಕೂಡಲೇ ನಡುಮನೆ ಕತ್ತಲಾಯಿತು. ಬೆಳಕು ಬರುವುದು ಅದೊಂದೇ ಕಿಂಡಿಯಿಂದ. ಅವಳ ತಲೆಯೇ ಅದನ್ನು ಮುಚ್ಚಿತ್ತು. ನಾನಾಗಲಿ ಅವಳಾಗಲಿ ಅದನ್ನು ಯೋಚಿಸಿರಲಿಲ್ಲ.

"ಏನೂ ಕಾಣವಲ್ದು," ಎಂದು ಮೇಲಿನಿಂದ ಅವಳ ದನಿ ಬಂತು. ತಲೆ ಹಿಂದೆ ತೆಗೆದಳು, ಬೆಳಕು ಬಂತು, ಬಗ್ಗಿದಳು, ಹೋಯಿತು. ತೀರ ಬದಿಗೆ ಸರಿದು ನೋಡಿದರೆ ಗೋಡೆ ಮಾತ್ರ ಕಾಣುತ್ತಿತ್ತು. ಮೂರನೆಯ ಸಲ ಅವಳ ಉಸಿರು ಮಾತ್ರ ಕೇಳಿಸಿತು.

ಅಲ್ಲೇ ಇರು ಎಂದು ಹೇಳಿ ಕಂದೀಲು ಹಚ್ಚಿಕೊಂಡು ಬಂದೆ. ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದೆ; ಹಾಗೆ ಅಡ್ಡ ಬೆಳಕು ಬಿದ್ದರೆ ಗೆರೆಗಳು ಎದ್ದು ಕಾಣುತ್ತವೆ. ಒಂದೊಂದೇ ಮೊಳ ಸರಿಸುತ್ತ ಹೋದೆ. ಕಂದೀಲು ಇದ್ದಲ್ಲಿ ಮಾತ್ರ ಗೆರೆ, ಅದು ಮುಂದೆ ಹೋದರೆ ಹಿಂದಿನದು ಕತ್ತಲು. ಸೋರಿದ ಜಾಗ ಬಂದಾಗ ಬೇಗ ದಾಟಿಸಿದೆ. ಕೂಸಿನ ಅಂಗೈ ಇದ್ದಲ್ಲಿ ನಿಲ್ಲಿಸಿ, ಇದು ಮೊಮ್ಮಗಳದು ಎಂದೆ.

"ಎಡಗೈಲೇ ಸಾರಿಸ್ಯಾಳ," ಎಂದಳು. ಆಮೇಲೆ ಕೇಳಿದಳು: "ಇಷ್ಟ ಏನು?"

ಇಷ್ಟೇ ಎಂದೆ.

ಅವಳು ಇನ್ನಷ್ಟು ಏನನ್ನು ನೆನೆಸಿಕೊಂಡು ಬಂದಿದ್ದಳೋ ತಿಳಿಯದು. ಅಷ್ಟು ಬಸ್ಸು ಬದಲಿಸಿ ಬಂದವಳಿಗೆ ಒಣಗಿದ ಹೆಂಡಿಯ ಮೇಲೆ ನಾಲ್ಕು ಬೆರಳಿನ ಗೆರೆ ಸಾಲುತ್ತದೆ ಎಂದು ನಾನೇಕೆ ಅಂದುಕೊಂಡೆ ಎಂದು ಕೂಡ ಅನ್ನಿಸಿತು. ಕಿಂಡಿಯಿಂದ ತಲೆ ಸರಿಯಿತು. ಬೆಳಕು ಮತ್ತೆ ದುಂಡಗೆ ಬಿತ್ತು. ನಾನು ಕಂದೀಲು ಆರಿಸಿ ಖುರಪಿ ಕೈಗೆ ತೆಗೆದುಕೊಂಡೆ. ಆದರೆ ತಕ್ಷಣ ಇಳಿಸಲು ಮನಸ್ಸಾಗಲಿಲ್ಲ. ಅದರ ಬಾಯಿಗೆ ಅಂಟಿದ ಮಣ್ಣನ್ನು ಒರೆಸುತ್ತ ಕೂತೆ.

ಆಗ ಕಿಂಡಿ ಇನ್ನೊಮ್ಮೆ ಕತ್ತಲಾಯಿತು. ಈ ಸಲದ ಉಸಿರು ಬೇರೆ, ಏದುತ್ತಿದ್ದ ಉಸಿರು. ಯಾರು ಎಂದು ನಾನು ಕೇಳಲಿಲ್ಲ. ಕಂದೀಲು ತಿರುಗಿ ಹಚ್ಚಿದೆ. ಮೊದಲಿನ ಹಾಗೆಯೇ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ದೆ.

"ಎಡಗೈ ಬ್ಯಾಡ, ಎಡಗೈ ಬ್ಯಾಡ ಅಂತ ದಿನಾ ಅಂತಿದ್ದೆ," ಎಂದು ಹಿರಿಯಾಕಿಯ ದನಿ ಬಂತು. ಆಮೇಲೆ, "ಹೆರಿ ಇನ್ನ."

ಹೆರೆದೆ. ಒಂದು ಗೇಣೂ ಬಿಡಲಿಲ್ಲ. ಒಪ್ಪಿಕೊಂಡ ಕೆಲಸ ಅದು. ಬುಟ್ಟಿ ಹೊತ್ತು ಹೊರಗೆ ಬಂದಾಗ ಕೂಸು ಝಳಕಿಯ ಅಜ್ಜಿಯ ತೊಡೆಯ ಮೇಲಿತ್ತು. ಬೀಗತಿ ಮಾಳಿಗೆ ಹತ್ತುವಾಗ ಅವಳ ಕೈಗೆ ಕೊಟ್ಟು ಹೋಗಿದ್ದಳು. ಇಳಿದು ಬಂದ ಮೇಲೂ ತಿರುಗಿ ಕೇಳಿರಲಿಲ್ಲ. ಬಂದಾಗಿನಿಂದ ಕೂಸನ್ನು ಮುಟ್ಟಲು ಬಿಟ್ಟಿದ್ದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು.

ಹೊಸ ನೆಲಕ್ಕೆ ಹಳ್ಳದ ದಂಡೆಯ ಬಿಳಿಮಣ್ಣು, ಜೋಳದ ಹೊಟ್ಟು, ಹೆಂಡಿ ಕೂಡಿಸಿ ತುಳಿಯಬೇಕು. ಚೆನ್ನಾಗಿ ತುಳಿಯದಿದ್ದರೆ ಒಣಗುವಾಗ ಬಿರಿಯುತ್ತದೆ. ಇಬ್ಬರು ತುಳಿಯುವುದನ್ನು ನಾನೊಬ್ಬಳೇ ಶುರು ಮಾಡಿದ್ದೆ. ತುಳಿಯುವುದು ಓಣಿಯಲ್ಲಿ, ಹೊಸ್ತಿಲ ಹೊರಗೆ. ಅದಕ್ಕೆ ಯಾವ ಕಟ್ಟುಪಾಡೂ ಇಲ್ಲ. ಝಳಕಿಯ ಅಜ್ಜಿ ಕೂಸನ್ನು ಬೀಗತಿಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಮಣ್ಣಿನೊಳಗೆ ಇಳಿದಳು. ಹಿರಿಯಾಕಿ ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದರಲ್ಲಿ ನೀರು ಹೊಯ್ದಳು. ನೀರು ಹೆಚ್ಚಾಯಿತು ಬೀಗತಿ ಎಂದು ಝಳಕಿಯವಳು ಅಂದಳು. ನಮ್ಮೂರ ಮಣ್ಣು ನಿಮ್ಮ ಝಳಕಿ ಮಣ್ಣಿನಂಗಲ್ಲ, ಕುಡೀತೈತಿ ಎಂದು ಹಿರಿಯಾಕಿ ಅಂದಳು.

ಹೊತ್ತು ಇಳಿಯುವಾಗ ನೆಲ ಬಡಿದು ಮುಗಿಸಿದೆ. ಸಾರಣೆಗೆ ಅದು ಒಣಗಬೇಕು, ಅದು ಮರುದಿನದ ಕೆಲಸ. ಹೊಸ್ತಿಲ ಹೊರಗೆ ಬಂದು ದಿನದಂತೆ ಸೆರಗು ಬಿಚ್ಚಿ ಝಾಡಿಸಿದೆ. ಒಂದಿಷ್ಟು ಒಣ ಹೆಂಡಿಯ ಪುಡಿ ಉದುರಿತು. ಇಬ್ಬರೂ ಅದನ್ನು ನೋಡಿದರು. ಯಾರೂ ಬಗ್ಗಿ ಎತ್ತಲಿಲ್ಲ.

ಪಕ್ಕದ ಮನೆಯವರ ಕಟ್ಟೆಯ ಮೇಲೆ ಮೂವರೂ ಉಂಡೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಝಳಕಿಯಿಂದ ಬಂದ ಗಂಟಿನಲ್ಲಿದ್ದ ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಕೂಸಿಗೆ ಹಾಲಲ್ಲಿ ರೊಟ್ಟಿ ಕಿವುಚಿ ಕೊಟ್ಟರು. ಝಳಕಿಯವಳು ಅರ್ಧ ರೊಟ್ಟಿ ಉಂಡು, ಉಳಿದರ್ಧ ಕೈಯಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿದಳು. ಮೊದಲು ಮಲಗಿದವಳು ಅವಳೇ. ಕೂಸಿಗೆ ನಿದ್ದೆ ಹತ್ತಿದ್ದು ಆಮೇಲೆ. ಹಿರಿಯಾಕಿ ಬೀಗತಿಯ ಕೈಯಿಂದ ರೊಟ್ಟಿ ಬಿಡಿಸಿ ತಾಟಿನಲ್ಲಿಟ್ಟು ಮುಚ್ಚಿದಳು. ಹೊಲದ ಗುಡಿಸಲಿಗೆ ಹೋಗಲಿಲ್ಲ. ನನಗೆ ಕಣ್ಣು ಹತ್ತುವಾಗಲೂ ಅವಳು ಕೂತೇ ಇದ್ದಳು.